ಮಿಂಬರಿನಿಂದ ಇಳಿದು ಬಂದು ಆಲಿಸಿದವರು

ಪ್ರವಾದಿ ಮುಹಮ್ಮದ್(ಸ)ರು ಕ್ರಿ.ಶ. 622ರಲ್ಲಿ ಮದೀನಾಕ್ಕೆ ಹಿಜ್‌ರತ್ ಮಾಡಿದ ಬಳಿಕ ಸಹಾಬಿಗಳ ಜೊತೆ ತಾವೂ ಇಟ್ಟಿಗೆ ಹೊತ್ತು ಕಟ್ಟಿದ ಮಸೀದಿ ಬಹಳ ಸರಳವಾಗಿತ್ತು. ಗೋಡೆಗಳು ಹಸಿ ಇಟ್ಟಿಗೆಯವು, ಕಂಬಗಳು ಖರ್ಜೂರದ ಕಾಂಡಗಳು, ಚಾವಣಿ ಖರ್ಜೂರದ ಗರಿಗಳದ್ದು. ಮಳೆ ಬಂದರೆ ಸೋರುತ್ತಿತ್ತು. ರಮಝಾನಿನ ಒಂದು ಮುಂಜಾನೆ ನಮಾಝ್ ಮುಗಿಸಿದ ಪ್ರವಾದಿ(ಸ)ರ ಹಣೆಯ ಮೇಲೆ ಕೆಸರಿನ ಗುರುತು ಕಂಡುದನ್ನು ಅಬೂ ಸಈದ್ ಅಲ್ ಖುದ್ರಿ(ರ) ನೆನಪಿಸಿಕೊಂಡಿದ್ದಾರೆ.

ಮೊದಮೊದಲು ಆ ಮಸೀದಿಯಲ್ಲಿ ಮಿಂಬರ್ ಇರಲಿಲ್ಲ. ಶುಕ್ರವಾರದ ಖುತ್ಬಾ ನೀಡುವಾಗ ಪ್ರವಾದಿ(ಸ)ರು ಒಂದು ಖರ್ಜೂರದ ಕಾಂಡಕ್ಕೆ ಒರಗಿ ನಿಲ್ಲುತ್ತಿದ್ದರು. ಜನ ಹೆಚ್ಚಿದಾಗ ಅನ್ಸಾರಿ ಮಹಿಳೆಯೊಬ್ಬರ ಬಳಿಯಿದ್ದ ಬಡಗಿಯು ಕಾಡಿನ ಮರದಿಂದ ಮೂರು ಮೆಟ್ಟಿಲಿನ ಮಿಂಬರ್ ಮಾಡಿಕೊಟ್ಟನು. ಶುಕ್ರವಾರ ಬಂತು. ಪ್ರವಾದಿ(ಸ)ರು ಹಳೆಯ ಕಾಂಡವನ್ನು ದಾಟಿ ಹೋಗಿ ಹೊಸ ಮಿಂಬರ್ ಏರಿದರು. ಆಗ ಆ ಕಾಂಡದಿಂದ ಅಳುವಿನ ಧ್ವನಿ ಕೇಳಿಬಂತು. ಗಬ್ಬದ ಒಂಟೆಯ ಮುಲುಕಿನಂತೆ ಎಂದು ಒಂದು ವರದಿ, ಮಗುವಿನ ಅಳುವಿನಂತೆ ಎಂದು ಇನ್ನೊಂದು ವರದಿ ಹೇಳುತ್ತದೆ. ಪ್ರವಾದಿ(ಸ)ರು ಮಿಂಬರಿನಿಂದ ಕೆಳಗಿಳಿದು ಬಂದು ಆ ಕಾಂಡವನ್ನು ಅಪ್ಪಿಕೊಂಡರು. ಸಂತೈಸಿದ ಮಗುವಿನಂತೆ ಅದು ಬಿಕ್ಕುತ್ತಾ ಬಿಕ್ಕುತ್ತಾ ಸುಮ್ಮನಾಯಿತು. ತನ್ನ ಬಳಿ ಕೇಳಿಬರುತ್ತಿದ್ದ ದಿಕ್ರ್‌ಗಾಗಿ ಅದು ಅತ್ತಿತು ಎಂದು ಪ್ರವಾದಿ(ಸ)ರು ಕಾರಣ ತಿಳಿಸಿದರು. ಜಾಬಿರ್(ರ), ಇಬ್ನು ಉಮರ್(ರ) ಮುಂತಾದ ಸಹಾಬಿಗಳು ಇದನ್ನು ವರದಿ ಮಾಡಿದ್ದಾರೆ. ಬುಖಾರಿಯ ಸಂಗ್ರಹದಲ್ಲಿ ಇದು ದಾಖಲಾಗಿದೆ.

ಈ ಘಟನೆಯನ್ನು ನಾವು ಚಿಕ್ಕಂದಿನಿಂದ ಮದ್ರಸಾದಲ್ಲಿ ಪ್ರವಾದಿ(ಸ)ರ ಮುಅ್‌ಜಿಝತ್ ಆಗಿ ಕೇಳಿ ಬಂದಿದ್ದೇವೆ. ಅದು ಮುಅ್‌ಜಿಝತ್ ಹೌದು. ಆದರೆ ಅದರಲ್ಲಿ ನಾವು ಗಮನಿಸದೆ ಹೋಗುವ ಎರಡು ಸಂಗತಿಗಳಿವೆ. ಒಂದು, ಆ ಒಣ ಕಾಂಡ ಅಷ್ಟು ಕಾಲವೂ ಕೇಳಿಸಿಕೊಳ್ಳುತ್ತಿತ್ತು. ಎರಡು, ಮಾತನಾಡಲು ಮೇಲೇರಿದ ಪ್ರವಾದಿ(ಸ)ರು ಒಂದು ಮರದ ಸಂಕಟವನ್ನು ಕೇಳಿಸಿಕೊಂಡಾಗ ಅದನ್ನು ಕಡೆಗಣಿಸದೆ ಕೆಳಗಿಳಿದು ಬಂದರು. ತಾಬಿಈಗಳಲ್ಲಿ ಪ್ರಮುಖರಾದ ಹಸನ್ ಬಸರೀ(ರಹ್) ಈ ಹದೀಸನ್ನು ಹೇಳುವಾಗಲೆಲ್ಲ ಅಳುತ್ತಿದ್ದರು. ಕಟ್ಟಿಗೆಗೇ ಇಷ್ಟು ಹಂಬಲವಿದ್ದರೆ ಮನುಷ್ಯರಾದ ನಮಗೆ ಎಷ್ಟಿರಬೇಕಿತ್ತು ಎಂದು ಜನರನ್ನು ಎಚ್ಚರಿಸುತ್ತಿದ್ದರು.

ಸೃಷ್ಟಿಯ ಧ್ವನಿಗೆ ಕಿವಿಗೊಡುವ ಈ ಪರಂಪರೆ ನಮ್ಮ ಇತಿಹಾಸದಲ್ಲಿ ಹೇಗೆ ಬೆಳೆದು ಬಂತು, ಅದು ನಮ್ಮನ್ನು ಯಾವುದರ ಕಡೆಗೆ ಒಯ್ಯುತ್ತದೆ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳೋಣ.

ಅರ್ಥವಾಗದ ತಸ್ಬೀಹ್

ಈ ಪರಂಪರೆಯ ಮೂಲ ಪವಿತ್ರ ಕುರ್‌ಆನ್. ಏಳು ಆಕಾಶಗಳು, ಭೂಮಿ ಮತ್ತು ಅವುಗಳಲ್ಲಿರುವ ಎಲ್ಲವೂ ಅಲ್ಲಾಹನ ಪಾವಿತ್ರ್ಯವನ್ನು ಕೊಂಡಾಡುತ್ತಿವೆ, ಆದರೆ ಅವುಗಳ ತಸ್ಬೀಹನ್ನು ನಾವು ಗ್ರಹಿಸಲಾರೆವು ಎಂದು ಸೂರಃ ಬನೀ ಇಸ್ರಾಈಲ್‌ನ 44ನೇ ವಚನ ತಿಳಿಸುತ್ತದೆ. ರೆಕ್ಕೆ ಹರಡಿ ಹಾರುವ ಹಕ್ಕಿಗಳಿಗೂ ತಮ್ಮ ತಮ್ಮ ಪ್ರಾರ್ಥನೆ ಗೊತ್ತಿದೆ ಎನ್ನುತ್ತದೆ ಸೂರಃ ಅನ್ನೂರ್‌ನ 41ನೇ ವಚನ. ಸೂರಃ ಅಲ್ ಅನ್‌ಆಮ್‌ನ 38ನೇ ವಚನದ ಪ್ರಕಾರ ನೆಲದ ಮೇಲಿನ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳು. ದಾವೂದ್(ಅ)ರು ಅಲ್ಲಾಹನನ್ನು ಸ್ತುತಿಸುವಾಗ ಬೆಟ್ಟಗಳೂ ಹಕ್ಕಿಗಳೂ ದನಿಗೂಡಿಸುತ್ತಿದ್ದವು. ಇರುವೆಯೊಂದು ತನ್ನ ಬಳಗವನ್ನು ಎಚ್ಚರಿಸಿದ್ದನ್ನು ಕೇಳಿ ಸುಲೈಮಾನ್(ಅ)ರು ಮುಗುಳ್ನಕ್ಕರು, ಕೂಡಲೇ ಕೃತಜ್ಞತೆಯ ದುಆ ಮಾಡಿದರು. ದೊಡ್ಡ ಸೇನೆಯ ಮುಂದೆ ಸಾಗುತ್ತಿದ್ದ ದೊರೆಗೆ ಕಾಲಡಿಯ ಇರುವೆಯ ಮಾತು ಕೇಳಿಸಿತು ಎಂಬುದು ಆ ಘಟನೆಯ ಪಾಠ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಸೃಷ್ಟಿಯನ್ನು ಆಲಿಸುವುದೆಂದರೆ ಸೃಷ್ಟಿಯನ್ನು ಆರಾಧಿಸುವುದಲ್ಲ. ಸೂರ್ಯನಿಗಾಗಲಿ ಚಂದ್ರನಿಗಾಗಲಿ ಸಾಷ್ಟಾಂಗವೆರಗದೆ ಅವುಗಳನ್ನು ಸೃಷ್ಟಿಸಿದವನಿಗೆ ಎರಗಬೇಕೆಂದು ಕುರ್‌ಆನ್ ಆದೇಶಿಸಿದೆ. ಸೃಷ್ಟಿಯೂ ಸೃಷ್ಟಿಕರ್ತನೂ ಒಂದೇ ಎಂಬುದು ನಮ್ಮ ವಿಶ್ವಾಸವಲ್ಲ. ಗುಡುಗು, ಹಕ್ಕಿ, ಬೆಟ್ಟ, ನಾವು, ಎಲ್ಲರೂ ಒಬ್ಬನೇ ಒಡೆಯನ ದಾಸರು ಎಂಬುದು ನಮ್ಮ ವಿಶ್ವಾಸ. ನಾವು ಹುಡುಕುವ ಏಕತೆ ಇದು. ತೌಹೀದನ್ನು ನಾಲಗೆ ಒಪ್ಪಿಕೊಂಡ ಮೇಲೆ ಕಿವಿಯೂ ಒಪ್ಪಿಕೊಳ್ಳಬೇಕು. ತಸ್ಬೀಹ್ ಅರ್ಥವಾಗದಿದ್ದರೂ ಅದು ನಡೆಯುತ್ತಿದೆ ಎಂದು ತಿಳಿದವನು ಮರದ ಕೆಳಗೆ ನಡೆಯುವ ರೀತಿಯೇ ಬೇರೆ.

ಪ್ರವಾದಿ(ಸ)ರ ಕಿವಿ

ಪ್ರವಾದಿ(ಸ)ರು ಯೌವನದಲ್ಲಿ ಮಕ್ಕಾದವರ ಕುರಿಗಳನ್ನು ಕಾದಿದ್ದರು. ಕುರಿ ಕಾಯದ ಪ್ರವಾದಿಯೇ ಇಲ್ಲವೆಂದು ಅವರೇ ಹೇಳಿದ್ದಾರೆ. ಕುರಿ ಕಾಯುವವನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಹಿಂಡನ್ನು ಕಾಯುತ್ತಾನೆ ಎಂಬುದು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ನಲವತ್ತರ ಹೊತ್ತಿಗೆ ಅವರು ಜಬಲುನ್ನೂರ್ ಬೆಟ್ಟದ ಹಿರಾ ಗುಹೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ ರಾತ್ರಿಗಳನ್ನು ಏಕಾಂತದಲ್ಲಿ ಕಳೆಯತೊಡಗಿದರು. ಕ್ರಿ.ಶ. 610ರ ಸುಮಾರಿಗೆ ಮೊದಲ ವಹ್ಯ್ ಬಂದದ್ದು ಆ ಮೌನದೊಳಗೆ.

ಪ್ರವಾದಿತ್ವ ದೊರೆತ ಬಳಿಕವೂ, ರಾಜ್ಯದ ಹೊಣೆ ಹೆಗಲೇರಿದ ಬಳಿಕವೂ ಅವರ ಈ ಗುಣ ಬದಲಾಗಲಿಲ್ಲ. ಮಳೆ ಸುರಿದಾಗ ಬಟ್ಟೆ ಸ್ವಲ್ಪ ಸರಿಸಿ ಮೈಮೇಲೆ ಹನಿ ಬೀಳಲು ಬಿಡುತ್ತಿದ್ದರು. ಅದು ತನ್ನ ಒಡೆಯನ ಬಳಿಯಿಂದ ಈಗತಾನೆ ಬಂದದ್ದು ಎನ್ನುತ್ತಿದ್ದರೆಂದು ಅನಸ್(ರ)ರ ವರದಿ ತಿಳಿಸುತ್ತದೆ. ಉಹುದ್ ಬೆಟ್ಟವನ್ನು ತೋರಿಸಿ, ಅದು ನಮ್ಮನ್ನು ಪ್ರೀತಿಸುತ್ತದೆ, ನಾವೂ ಅದನ್ನು ಪ್ರೀತಿಸುತ್ತೇವೆ ಎಂದಿದ್ದರು. ಅದೇ ಉಹುದ್‌ನ ಬುಡದಲ್ಲಿ ಅವರ ಚಿಕ್ಕಪ್ಪ ಹಂಝಾ(ರ) ಸಹಿತ ಎಪ್ಪತ್ತರಷ್ಟು ಮಂದಿ ಹುತಾತ್ಮರಾಗಿದ್ದರು. ನೋವಿನ ನೆನಪಿದ್ದ ಬೆಟ್ಟದ ಬಗ್ಗೆಯೂ ಅವರ ಬಾಯಲ್ಲಿ ಬಂದದ್ದು ಪ್ರೀತಿಯ ಮಾತು.

ಒಮ್ಮೆ ಅವರು ಅನ್ಸಾರಿಯೊಬ್ಬರ ತೋಟದೊಳಗೆ ಹೋದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ಮುಲುಗಿತು, ಅದರ ಕಣ್ಣು ತುಂಬಿತು. ಪ್ರವಾದಿ(ಸ)ರು ಅದರ ಕಿವಿಯ ಹಿಂಭಾಗವನ್ನು ಸವರಿದರು, ಅದು ಸುಮ್ಮನಾಯಿತು. ಬಳಿಕ ಒಡೆಯನನ್ನು ಕರೆಸಿ, ಹಸಿವಿನಲ್ಲಿಟ್ಟು ದಣಿಸುತ್ತಿದ್ದೀಯೆಂದು ಅದು ದೂರು ಕೊಟ್ಟಿದೆ, ಈ ಮೂಕಪ್ರಾಣಿಯ ವಿಷಯದಲ್ಲಿ ಅಲ್ಲಾಹನನ್ನು ಭಯಪಡಬೇಡವೇ ಎಂದು ಕೇಳಿದರು. ಇನ್ನೊಂದು ಪ್ರಯಾಣದಲ್ಲಿ ಸಹಾಬಿಗಳು ಒಂದು ಪುಟ್ಟ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಿದ್ದರು. ತಾಯಿ ಹಕ್ಕಿ ಬಂದು ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಪ್ರವಾದಿ(ಸ)ರು ಮರಳಿ ಬಂದವರೇ, ಇದರ ಮರಿಗಳನ್ನು ಎತ್ತಿ ಇದಕ್ಕೆ ಸಂಕಟ ಕೊಟ್ಟವರಾರು ಎಂದು ವಿಚಾರಿಸಿ ಮರಿಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರು. ಈ ಎರಡೂ ಘಟನೆಗಳು ಅಬೂದಾವೂದ್ ಸಂಗ್ರಹದಲ್ಲಿವೆ. ಎರಡರಲ್ಲೂ ಕಿವಿಗೆ ಬಿದ್ದದ್ದು ಅಲ್ಲಿಗೇ ನಿಲ್ಲಲಿಲ್ಲ, ನ್ಯಾಯದ ತೀರ್ಪಾಯಿತು.

ಇದಕ್ಕಿಂತಲೂ ಗಂಭೀರವಾದ ಎಚ್ಚರಿಕೆ ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿದೆ. ಹಿಂದಿನ ಕಾಲದ ಒಬ್ಬ ಪ್ರವಾದಿಗೆ ಇರುವೆಯೊಂದು ಕಚ್ಚಿತು. ಅವರು ಇಡೀ ಗೂಡನ್ನೇ ಸುಡಿಸಿದರು. ಆಗ ಅಲ್ಲಾಹನು, ಒಂದು ಇರುವೆ ಕಚ್ಚಿದ್ದಕ್ಕಾಗಿ ತಸ್ಬೀಹ್ ಮಾಡುವ ಒಂದು ಸಮುದಾಯವನ್ನೇ ಸುಟ್ಟೆಯಲ್ಲ ಎಂದು ಅವರನ್ನು ಆಕ್ಷೇಪಿಸಿದನು. ಇರುವೆಗಳು ಸತ್ತದ್ದು ಮಾತ್ರ ಇಲ್ಲಿ ಆಕ್ಷೇಪಕ್ಕೆ ಕಾರಣವಲ್ಲ. ಭೂಮಿಯ ಮೇಲೆ ನಡೆಯುತ್ತಿದ್ದ ಒಂದಿಷ್ಟು ತಸ್ಬೀಹ್ ನಿಂತುಹೋಯಿತು.

ಮಾತು ನಿಲ್ಲಿಸಿದ ಸಹಾಬಿಗಳು

ಸಹಾಬಿಗಳು ಈ ಶಿಕ್ಷಣದಲ್ಲಿ ಬೆಳೆದವರು. ಊಟ ಮಾಡುವಾಗ ಆಹಾರದ ತಸ್ಬೀಹ್ ತಮಗೆ ಕೇಳಿಸುತ್ತಿತ್ತು ಎಂದು ಪ್ರವಾದಿ(ಸ)ರ ಕಾಲವನ್ನು ನೆನೆದು ಇಬ್ನು ಮಸ್‌ಊದ್(ರ) ಹೇಳಿದ್ದಾರೆ. ಅಬ್ದುಲ್ಲಾಹ್ ಬಿನ್ ಝುಬೈರ್(ರ)ರ ಕುರಿತು ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಒಂದು ಚಿಕ್ಕ ವಿವರವಿದೆ. ಗುಡುಗು ಕೇಳಿದರೆ ಅವರು ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿ, ಗುಡುಗು ಯಾರ ಸ್ತುತಿ ಮಾಡುತ್ತದೆಯೋ ಆ ಅಲ್ಲಾಹನ ಪಾವಿತ್ರ್ಯವನ್ನು ಹೇಳುತ್ತಿದ್ದರು. ಯುದ್ಧ, ಆಡಳಿತ, ರಾಜಕೀಯದ ನಡುವೆ ಬದುಕಿದ ವ್ಯಕ್ತಿ ಅವರು. ಅವರ ಮಾತುಗಳಿಗೆ ತೂಕವಿತ್ತು. ಆದರೂ ಗುಡುಗಿನ ಮುಂದೆ ತಮ್ಮ ಮಾತು ದೊಡ್ಡದೆಂದು ಅವರಿಗೆ ಅನ್ನಿಸಲಿಲ್ಲ.

ಅಬೂ ಸಈದ್ ಅಲ್ ಖುದ್ರಿ(ರ)ಯವರು ಕುರಿ ಮತ್ತು ಬಯಲನ್ನು ಪ್ರೀತಿಸುತ್ತಿದ್ದ ಒಬ್ಬರಿಗೆ ಹೇಳಿದ ಮಾತು ಬುಖಾರಿಯಲ್ಲಿದೆ. ಬಯಲಿನಲ್ಲಿ ಒಂಟಿಯಾಗಿದ್ದರೂ ಅದಾನನ್ನು ಗಟ್ಟಿಯಾಗಿ ಹೇಳು, ಮುಅದ್ದಿನನ ಧ್ವನಿ ತಲುಪುವಷ್ಟು ದೂರದಲ್ಲಿ ಅದನ್ನು ಕೇಳಿದ ಜಿನ್ನ್, ಮನುಷ್ಯ ಮತ್ತು ಪ್ರತಿಯೊಂದು ವಸ್ತುವೂ ಅಂತ್ಯದಿನದಂದು ಅವನ ಪರವಾಗಿ ಸಾಕ್ಷಿ ಹೇಳುವುದು ಎಂದು ಅವರು ತಿಳಿಸಿದರು, ಇದನ್ನು ತಾನು ಪ್ರವಾದಿ(ಸ)ರಿಂದಲೇ ಕೇಳಿದ್ದೆಂದರು. ಹಾಗಾದರೆ ನಮ್ಮ ಅದಾನನ್ನು ಕೇಳುತ್ತಿರುವವರು ಸಫ್‌ನಲ್ಲಿ ನಿಂತವರು ಮಾತ್ರವಲ್ಲ. ಮಸೀದಿಯ ಅಂಗಳದ ಮರ, ಎದುರಿನ ಬಂಡೆ, ಪಕ್ಕದ ಕೆರೆ ಎಲ್ಲವೂ ಕೇಳುತ್ತಿವೆ. ಅವು ನಮ್ಮನ್ನು ಕೇಳಿಸಿಕೊಳ್ಳುತ್ತಿರುವಾಗ ನಾವು ಅವುಗಳಿಗೆ ಕಿವುಡರಾಗಿರುವುದು ಸರಿಯೇ?

ವಿದ್ವಾಂಸರು ಬರೆದದ್ದು

ಎರಡು ಶತಮಾನಗಳ ಬಳಿಕ ಈ ಪರಂಪರೆ ಗ್ರಂಥಗಳಿಗೆ ಇಳಿಯಿತು. ಬಸರಾದ ಅಲ್ ಜಾಹಿಝ್ ಒಂಬತ್ತನೇ ಶತಮಾನದಲ್ಲಿ 'ಕಿತಾಬುಲ್ ಹಯವಾನ್' ಎಂಬ ಏಳು ಸಂಪುಟಗಳ ಪ್ರಾಣಿಗ್ರಂಥ ಬರೆದರು. ಪ್ರಾಣಿಗಳನ್ನು ನಾವು ಮೂಕವೆಂದು ಕರೆದರೂ ಅವು ತಮ್ಮ ಬೇಡಿಕೆಗಳನ್ನು ಪರಸ್ಪರ ತಿಳಿಸಿಕೊಳ್ಳುತ್ತವೆ ಎಂಬುದನ್ನು ಅವರು ವಿವರಿಸಿದರು. ಸೃಷ್ಟಿಕರ್ತನನ್ನು ತೋರಿಸಿಕೊಡುವುದರಲ್ಲಿ ಒಂದು ಹರಳುಕಲ್ಲು ಬೆಟ್ಟಕ್ಕಿಂತ ಕಡಿಮೆಯದ್ದಲ್ಲ ಎಂಬುದು ಅವರ ವಾದವಾಗಿತ್ತು.

ಇಮಾಮ್ ಗಝ್ಝಾಲಿ(ರಹ್)ಯವರ ಜೀವನದಲ್ಲಿ ಇನ್ನೊಂದು ಪಾಠವಿದೆ. ಬಗ್ದಾದಿನ ನಿಝಾಮಿಯಾದಲ್ಲಿ ನೂರಾರು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದ ಅವರಿಗೆ 1095ರಲ್ಲಿ ನಾಲಗೆಯೇ ಕಟ್ಟಿಹೋಯಿತು. ಪಾಠ ಹೇಳಲು ಹೊರಟರೆ ಮಾತೇ ಹೊರಡುತ್ತಿರಲಿಲ್ಲ. ಕೀರ್ತಿ, ಹುದ್ದೆ ಎಲ್ಲವನ್ನೂ ಬಿಟ್ಟು ಡಮಾಸ್ಕಸ್‌ಗೆ ಹೋದರು. ಅಲ್ಲಿನ ಜುಮಾ ಮಸೀದಿಯ ಮಿನಾರದಲ್ಲಿ ದಿನವಿಡೀ ಬಾಗಿಲು ಹಾಕಿಕೊಂಡು ಏಕಾಂತದಲ್ಲಿರುತ್ತಿದ್ದರು. ಆ ವರ್ಷಗಳ ಫಲವೇ 'ಇಹ್ಯಾ ಉಲೂಮಿದ್ದೀನ್'. ಅದರ ನಲವತ್ತು ಭಾಗಗಳಲ್ಲಿ 39ನೆಯದು ಪೂರ್ತಿಯಾಗಿ ತಫಕ್ಕುರ್, ಅಂದರೆ ಸೃಷ್ಟಿಯ ಕುರಿತಾದ ಚಿಂತನೆಗೆ ಮೀಸಲು. ಸಮುದ್ರ, ಗಾಳಿ, ಮೋಡದ ಜೊತೆ ಇರುವೆ, ಜೇಡ, ಜೇನ್ನೊಣಗಳೂ ಅಲ್ಲಿ ಬರುತ್ತವೆ.

ಅವರ ಬಳಿಕ ಸ್ಪೇನ್‌ನ ಗ್ರನಾಡಾ ಬಳಿ ಹುಟ್ಟಿದ ವೈದ್ಯ ಇಬ್ನು ತುಫೈಲ್ ಒಂದು ಕಥೆ ಬರೆದರು. 'ಹಯ್ಯ್ ಬಿನ್ ಯಕ್ಝಾನ್' ಎಂಬುದು ಅದರ ಹೆಸರು. ಕಥೆ ನಡೆಯುವುದು ನಮ್ಮ ಹಿಂದೂ ಮಹಾಸಾಗರದ ಒಂದು ದ್ವೀಪದಲ್ಲಿ. ಮನುಷ್ಯರೇ ಇಲ್ಲದ ಆ ದ್ವೀಪದಲ್ಲಿ ಹಯ್ಯ್ ಎಂಬ ಮಗುವನ್ನು ಒಂದು ಜಿಂಕೆ ಹಾಲೂಡಿ ಸಾಕುತ್ತದೆ. ಅವನು ಕಲಿತ ಮೊದಲ ಭಾಷೆ ಜಿಂಕೆಯ ಕೂಗು ಮತ್ತು ಹಕ್ಕಿಗಳ ದನಿ. ಒಂದು ದಿನ ಜಿಂಕೆ ಸತ್ತುಬೀಳುತ್ತದೆ. ಅದು ಎಂದೂ ಓಗೊಡುತ್ತಿದ್ದ ಕೂಗಿನಿಂದಲೇ ಅವನು ಕರೆಯುತ್ತಾನೆ. ಉತ್ತರವಿಲ್ಲ. ಕಣ್ಣು, ಕಿವಿ ಎಲ್ಲ ಹಾಗೆಯೇ ಇವೆ, ಹಾಗಾದರೆ ಹೊರಟುಹೋದದ್ದು ಏನು? ಈ ಪ್ರಶ್ನೆಯ ಬೆನ್ನು ಹತ್ತಿದ ಅವನು ವರ್ಷಗಟ್ಟಲೆ ಗಿಡ, ಪ್ರಾಣಿ, ನಕ್ಷತ್ರಗಳನ್ನು ಪರಿಶೀಲಿಸಿ ಕೊನೆಗೆ ಇವೆಲ್ಲಕ್ಕೂ ಒಬ್ಬನೇ ಸೃಷ್ಟಿಕರ್ತನಿದ್ದಾನೆ ಎಂಬ ಅರಿವಿಗೆ ಬರುತ್ತಾನೆ.

ಆ ಅರಿವು ಬಂದ ಮೇಲೆ ಅವನು ನಡೆದುಕೊಂಡ ರೀತಿ ನಮಗೆ ಮುಖ್ಯ. ನೆರಳಿನಲ್ಲಿ ಬಾಡುತ್ತಿದ್ದ ಗಿಡಕ್ಕೆ ಅಡ್ಡವಾದದ್ದನ್ನು ಸರಿಸಿ ಬಿಸಿಲು ಸಿಗುವಂತೆ ಮಾಡುತ್ತಾನೆ. ಒಣಗಿದ ಗಿಡಕ್ಕೆ ನೀರೆರೆಯುತ್ತಾನೆ. ಪ್ರಾಣಿಯ ಮೈಗೆ ಚುಚ್ಚಿದ ಮುಳ್ಳು ತೆಗೆಯುತ್ತಾನೆ. ಹರಿಯುವ ನೀರಿಗೆ ಅಡ್ಡಬಿದ್ದ ಕಲ್ಲನ್ನು ಎತ್ತಿಹಾಕುತ್ತಾನೆ. ಹಣ್ಣು ತಿಂದರೆ ಬೀಜವನ್ನು ಮೊಳೆಯಲಾರದ ಜಾಗಕ್ಕೆ ಎಸೆಯುವುದಿಲ್ಲ. ಕೊನೆಗೆ ನೆರೆಯ ದ್ವೀಪದಿಂದ ಅಬ್ಸಾಲ್ ಎಂಬ ಭಕ್ತ ಬರುತ್ತಾನೆ. ಅವನ ಪಾರಾಯಣದ ಧ್ವನಿ ಹಯ್ಯ್‌ಗೆ ಅಪೂರ್ವವೆನಿಸುತ್ತದೆ, ಅಂಥ ಧ್ವನಿಯನ್ನು ಅವನು ಯಾವ ಪ್ರಾಣಿಯಿಂದಲೂ ಕೇಳಿರಲಿಲ್ಲ. ಮಾತು ಕಲಿತ ಮೇಲೆ ಪ್ರವಾದಿಯ ಸಂದೇಶ ಕೇಳಿ ಅದನ್ನು ನಂಬಿ, ನಮಾಝ್, ಝಕಾತ್, ಉಪವಾಸಗಳನ್ನು ತಾನೂ ಕೈಗೊಳ್ಳುತ್ತಾನೆ. ತತ್ವಜ್ಞಾನಿಗಳ ಎಲ್ಲ ವಾದಗಳನ್ನು ನಮ್ಮ ಉಲಮಾಗಳು ಒಪ್ಪಿದವರಲ್ಲ. ಆದರೂ ಸೃಷ್ಟಿಯನ್ನು ಆಲಿಸಿದವನು ವಹ್ಯ್‌ಗೆ ಇನ್ನಷ್ಟು ಕಿವಿಗೊಡುತ್ತಾನೆ ಎಂಬ ಮಾತು ಈ ಕಥೆಯಲ್ಲಿ ನೆನಪಿಡುವಂಥದ್ದು. ಇಬ್ನು ತುಫೈಲ್ 1185ರಲ್ಲಿ ಮರಾಕಿಶ್‌ನಲ್ಲಿ ನಿಧನರಾದರು. ಅವರ ಕಥೆ 1671ರಲ್ಲಿ ಲ್ಯಾಟಿನ್‌ಗೆ, 1708ರಲ್ಲಿ ನೇರವಾಗಿ ಅರಬಿಯಿಂದ ಇಂಗ್ಲಿಷಿಗೆ ಅನುವಾದವಾಗಿ ಯುರೋಪಿನಲ್ಲೂ ಓದಲ್ಪಟ್ಟಿತು.

ಮಸೀದಿಯ ಗೋಡೆಯಲ್ಲಿ ಗುಬ್ಬಿಯ ಅರಮನೆ

ಉಸ್ಮಾನಿಯಾ ತುರ್ಕಿಯಲ್ಲಿ ಈ ಭಾವನೆ ಜನಸಾಮಾನ್ಯರ ಕಥೆಗಳಿಗೂ ಇಳಿಯಿತು. ಬುರ್ಸಾ ನಗರದ ಗುರು ಉಫ್ತಾದೆ ಮತ್ತು ಅವರ ಶಿಷ್ಯ ಅಝೀಝ್ ಮಹ್ಮೂದ್ ಹುದಾಯಿಯ ಬಗ್ಗೆ ಅಲ್ಲಿನವರು ಹೇಳುವ ಒಂದು ಪ್ರಸಂಗ ಹೀಗಿದೆ. ಗುರುಗಳು ಹೂ ತರಲು ಶಿಷ್ಯರನ್ನು ಕಳುಹಿಸಿದರು. ಎಲ್ಲರೂ ಕೈತುಂಬ ಹೂ ತಂದರು. ಹುದಾಯಿ ಮಾತ್ರ ತೊಟ್ಟು ಮುರಿದ ಒಂದು ಬಾಡಿದ ಹೂವನ್ನು ತಂದರು. ಕಾರಣ ಕೇಳಿದಾಗ, ಕೀಳಲು ಹೋದ ಹೂಗಳೆಲ್ಲ ದಿಕ್ರ್‌ನಲ್ಲಿದ್ದವು, ತಡೆಯಲು ಮನಸ್ಸಾಗಲಿಲ್ಲ, ಇದೊಂದರ ತಸ್ಬೀಹ್ ಮುಗಿದಿತ್ತು ಎಂದರು. ಅಧಿಕಾರದ ಖಾಝಿ ಹುದ್ದೆಯನ್ನು ಬಿಟ್ಟು ಗುರುವಿನ ಬಳಿ ಬಂದಿದ್ದ ಹುದಾಯಿ 1628ರಲ್ಲಿ ಇಸ್ತಾಂಬುಲ್‌ನ ಉಸ್ಕುದಾರ್‌ನಲ್ಲಿ ನಿಧನರಾದರು.

ಅದೇ ಉಸ್ಕುದಾರ್‌ನಲ್ಲಿ 1710ರಲ್ಲಿ ಪೂರ್ಣಗೊಂಡ ಯೆನಿ ವಾಲಿದೆ ಮಸೀದಿಯ ಹೊರಗೋಡೆಯಲ್ಲಿ ಹಕ್ಕಿಗಳಿಗಾಗಿ ಕಲ್ಲಿನಲ್ಲಿ ಕೆತ್ತಿದ ಪುಟ್ಟ ಮನೆಗಳಿವೆ. ಅದರ ಬಳಿಕ ಅಲ್ಲೇ ಕಟ್ಟಿದ ಅಯಾಝ್ಮಾ ಮಸೀದಿಯ ಗೋಡೆಗಳಲ್ಲೂ ಇವೆ. ಕಿಟಕಿ, ಗುಮ್ಮಟಗಳಿರುವ ಆ ಗೂಡುಗಳನ್ನು ತುರ್ಕರು ಗುಬ್ಬಿಯ ಅರಮನೆಯೆಂದು ಕರೆಯುತ್ತಿದ್ದರು. ನಮಾಝಿಗೆ ಮಸೀದಿ ಕಟ್ಟಿದವರು ತಸ್ಬೀಹ್ ಮಾಡುವ ಇನ್ನೊಂದು ಸಮುದಾಯಕ್ಕೂ ಅದರಲ್ಲೇ ಜಾಗ ಬಿಟ್ಟರು.

ನಮ್ಮ ಮುಂದಿರುವ ಪ್ರಶ್ನೆ

ಈಗ ನಮ್ಮನ್ನು ನಾವು ಕೇಳಿಕೊಳ್ಳೋಣ. ಜುಮಾ ದಿನ ಖುತ್ಬಾ ನಡೆಯುವಾಗ ಪಕ್ಕದವನಿಗೆ ಸುಮ್ಮನಿರು ಎಂದು ಹೇಳುವುದೂ ವ್ಯರ್ಥ ಮಾತಾಗುತ್ತದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಕುರ್‌ಆನ್ ಪಾರಾಯಣ ನಡೆಯುವಾಗ ಆಲಿಸಬೇಕು ಮತ್ತು ಮೌನವಾಗಿರಬೇಕು ಎಂದು ಅಲ್ಲಾಹನು ಎರಡನ್ನೂ ಬೇರೆ ಬೇರೆಯಾಗಿ ಹೇಳಿದ್ದಾನೆ. ಮೌನವಿಲ್ಲದೆ ಆಲಿಸುವಿಕೆ ಇಲ್ಲ. ಆದರೆ ಇಂದು ನಮ್ಮ ಮೌನದ ಹೊತ್ತುಗಳೆಲ್ಲ ಮೊಬೈಲಿಗೆ ಹೋಗಿವೆ. ಫಜ್ರ್ ನಮಾಝಿನಿಂದ ಹೊರಬರುವಾಗ ಹಕ್ಕಿಗಳು ಎದ್ದಿರುತ್ತವೆ. ನಮ್ಮ ಕೈ ಮಾತ್ರ ಜೇಬಿಗೆ ಹೋಗುತ್ತದೆ. ಕೋಳಿ ಕೂಗಿದರೆ ಅಲ್ಲಾಹನ ಅನುಗ್ರಹ ಬೇಡಬೇಕೆಂದು ನಮ್ಮ ಮಕ್ಕಳು ಪುಸ್ತಕದಲ್ಲಿ ಕಲಿಯುತ್ತಾರೆ. ಕೋಳಿ ಕೂಗಿದ್ದನ್ನು ಅವರಲ್ಲಿ ಎಷ್ಟು ಮಂದಿ ಕೇಳಿದ್ದಾರೆ?

ಮಸೀದಿಗಳನ್ನು ವಿಸ್ತರಿಸುವಾಗ ಅಂಗಳದ ಬೇವು, ಮಾವು, ಹಲಸುಗಳು ಮೊದಲು ಉರುಳುತ್ತವೆ. ವಾಹನ ನಿಲ್ಲಿಸಲು ಜಾಗ ಬೇಕು, ಒಣಗಿದ ಎಲೆ ಗುಡಿಸಲು ಜನವಿಲ್ಲ, ಕಾರಣಗಳು ಯಾವಾಗಲೂ ಇರುತ್ತವೆ. ಕೆಲವು ಕಡೆ ಕಡಿಯದೆ ನಿರ್ವಾಹವೂ ಇರುವುದಿಲ್ಲ. ಆದರೆ ಆ ನಿರ್ಧಾರ ಮಾಡುವ ಸಭೆಯಲ್ಲಿ ಇಷ್ಟಾದರೂ ಯಾರಾದರೂ ನೆನಪಿಸಬೇಕು: ಈ ಮರ ಎಷ್ಟೋ ವರ್ಷ ನಮ್ಮ ಅದಾನ್ ಕೇಳಿದೆ. ನಾಳೆ ಸಾಕ್ಷಿ ಹೇಳಲಿರುವವರಲ್ಲಿ ಅದೂ ಒಂದು. ಈ ನೆನಪಿನ ಬಳಿಕವೂ ಕಡಿಯಲೇಬೇಕಾದರೆ ಕಡಿಯಲಿ, ಬದಲಿಗೆ ಒಂದೆರಡು ಸಸಿ ನೆಡಲಿ. ಅಂತ್ಯಘಳಿಗೆ ಬಂದರೂ ಕೈಯಲ್ಲಿರುವ ಸಸಿಯನ್ನು ನೆಡಲು ಸಾಧ್ಯವಾದರೆ ನೆಡಬೇಕೆಂಬುದು ನಮಗೆ ಸಿಕ್ಕಿರುವ ಶಿಕ್ಷಣ.

ಇದಕ್ಕೆ ಬೆಟ್ಟ ಹತ್ತಬೇಕೆಂದಿಲ್ಲ, ಕಾಡಿಗೆ ಹೋಗಬೇಕೆಂದಿಲ್ಲ. ಫಜ್ರ್ ಬಳಿಕ ಐದು ನಿಮಿಷ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಿಲ್ಲದೆ ಕುಳಿತರೆ ಸಾಕು. ಮುಂಗಾರಿನ ಮೊದಲ ಗುಡುಗಿಗೆ ಇಬ್ನು ಝುಬೈರ್(ರ)ರಂತೆ ಮಾತು ನಿಲ್ಲಿಸಿ ನೋಡೋಣ. ಕೊಟ್ಟಿಗೆಯ ದನ, ಬೀದಿಯ ನಾಯಿ, ಬಾಯಾರಿದ ಹಕ್ಕಿ ಕೂಗಿದಾಗ, ಅದು ಯಾರ ವಿರುದ್ಧದ ದೂರು ಎಂದು ಒಮ್ಮೆ ಯೋಚಿಸೋಣ. ಹೀಗೆ ಕೇಳಿಸಿಕೊಂಡದ್ದು ನಮ್ಮ ಕೈಯಿಂದ ಒಂದು ಕೆಲಸ ಮಾಡಿಸದಿದ್ದರೆ ನಾವು ಇನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲವೆಂದೇ ಅರ್ಥ.

ಮದೀನಾದ ಆ ಶುಕ್ರವಾರ ಮಿಂಬರಿನಿಂದ ಇಳಿದು ಬಂದವರು ಲೋಕಕ್ಕೇ ಕಾರುಣ್ಯವಾಗಿ ಕಳುಹಿಸಲ್ಪಟ್ಟವರು. ಅವರ ಉಮ್ಮತ್ ಆದ ನಮಗೆ ಕೆಲವು ಮೆಟ್ಟಿಲು ಇಳಿಯುವುದು ಕಷ್ಟವಾಗಬಾರದು. ಕಿವಿಯಿದ್ದೂ ಕೇಳದವರ ಸಾಲಿನಿಂದ ಅಲ್ಲಾಹನು ನಮ್ಮನ್ನು ಕಾಪಾಡಲಿ. ಅವನ ತಸ್ಬೀಹ್‌ನಲ್ಲಿ ತೊಡಗಿರುವ ಸಕಲ ಸೃಷ್ಟಿಯ ಜೊತೆ ನಮ್ಮನ್ನೂ ನಮ್ಮ ಮಕ್ಕಳನ್ನೂ ಸೇರಿಸಲಿ. ಆಮೀನ್.